ಬಾಗಿಲಲ್ಲಿ ಬೌನ್ಸರ್, ಬಿಲ್ಲಿನಲ್ಲಿ ಬರೆ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನಿಂದ ಗೋವಾ ಕಡೆ ಹೊರಡುವ ಸ್ಲೀಪರ್ ಬಸ್‌ಗಳಲ್ಲಿ ಸೀಟು ಸಿಗೋದು ಕಷ್ಟ. ಬೆಳಗಾವಿಯವರಿಗೆ ಬಸ್ಸಿನ ಗೊಡವೆಯೂ ಇಲ್ಲ. ಸಂಜೆ ನಾಲ್ಕು ಜನ ಗೆಳೆಯರು ಕಾರು ಹತ್ತಿ ಚೋರ್ಲಾ ಘಾಟ್ ಇಳಿದರೆ ರಾತ್ರಿ ಊಟಕ್ಕೆ ಗೋವಾ. ಶುಕ್ರವಾರ ಹೋಗುವಾಗ ಇದ್ದ ಮುಖ ಸೋಮವಾರ ವಾಪಸ್ ಬರುವಾಗ ಇರೋದಿಲ್ಲ. ಸಮುದ್ರ ಚೆನ್ನಾಗಿತ್ತು, ಮೀನೂಟ ಚೆನ್ನಾಗಿತ್ತು, ಆದರೆ ಆ ಕ್ಲಬ್ ಇದೆಯಲ್ಲ ಸಾರ್... ಅಂತ ಶುರುವಾಗುತ್ತೆ. ಗೇಟಿನಲ್ಲಿ ಒಂದು ಗಂಟೆ ನಿಲ್ಲಿಸಿದರು. ಒಳಗೆ ಹೋದ ಮೇಲೆ ಕೂರೋಕೆ ಜಾಗ ಇಲ್ಲ ಅಂದರು. ಕೇಳಿದ್ದೊಂದು, ತಂದು ಇಟ್ಟಿದ್ದೊಂದು. ಬಿಲ್ ನೋಡಿ ಇದೇನು ಅಂತ ಕೇಳಿದ್ದಕ್ಕೆ ಇಬ್ಬರು ಬೌನ್ಸರ್‌ಗಳು ಬಂದು ಪಕ್ಕದಲ್ಲಿ ನಿಂತರು.

ಇದನ್ನು ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ನಿಮಗೂ ಗೊತ್ತು. "ಅಂಥಾ ಕಡೆ ಹೋಗು ಅಂತ ನಿನಗೆ ಹೇಳಿದ್ಯಾರು?" ಅಲ್ಲಿಗೆ ಮಾತು ಮುಗೀತು. ನಾನು ಈ ವಾದವನ್ನು ಒಪ್ಪೋದಿಲ್ಲ. ಕ್ಲಬ್‌ಗೆ ಹೋಗೋದು ಸರಿಯೋ ತಪ್ಪೋ ಅನ್ನೋದು ಮನೆಮಂದಿ ಕೂತು ಮಾಡಬೇಕಾದ ಚರ್ಚೆ. ದುಡ್ಡು ತೆಗೆದುಕೊಂಡವನು ಹೇಳಿದ್ದನ್ನು ಕೊಡಬೇಕು ಅನ್ನೋದು ಕಾನೂನಿನ ಮಾತು. ಹಾಲಿನ ಪ್ಯಾಕೆಟ್ ಕೊಂಡವನೂ ಗ್ರಾಹಕ, ಕ್ಲಬ್‌ನ ಟೇಬಲ್ ಬುಕ್ ಮಾಡಿದವನೂ ಗ್ರಾಹಕ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇವರಿಬ್ಬರ ನಡುವೆ ಗೆರೆ ಎಳೆದಿಲ್ಲ. ಆದರೆ ಕ್ಲಬ್‌ನಲ್ಲಿ ಮೋಸ ಹೋದವನು ದೂರು ಕೊಡಲ್ಲ. ಯಾಕಂದ್ರೆ ಅವನಿಗೆ ನಾಚಿಕೆ. ಆ ನಾಚಿಕೆಯ ಮೇಲೆ ಒಂದು ದೊಡ್ಡ ವ್ಯಾಪಾರವೇ ನಡೀತಾ ಇದೆ.

ಮೊದಲು ಗೇಟಿನ ಲೆಕ್ಕ ನೋಡೋಣ. ಬಾಗಾ, ಅಂಜುನಾ, ವಾಗಾತೋರ್ ಕಡೆಯ ದುಬಾರಿ ಕ್ಲಬ್‌ಗಳಲ್ಲಿ ಪ್ರವೇಶದ ದರ ಸಿನಿಮಾ ಟಿಕೆಟ್ ಥರ ಗೋಡೆ ಮೇಲೆ ಬರೆದಿಟ್ಟದ್ದಲ್ಲ. ಜೋಡಿಯಾಗಿ ಬಂದರೆ ಒಂದು ದರ. ಹೆಣ್ಣುಮಕ್ಕಳೇ ಬಂದರೆ ಎಷ್ಟೋ ದಿನ ಉಚಿತ. ಗಂಡಸರೇ ಬಂದರೆ ಅದರ ದರ ಬೇರೆ, ಇಲ್ಲವೇ ಪ್ರವೇಶವೇ ಇಲ್ಲ. ಅವರ ಭಾಷೆಯಲ್ಲಿ ಇವರು 'ಸ್ಟ್ಯಾಗ್'. ಆ ಪದಕ್ಕೆ ಗಂಡು ಜಿಂಕೆ ಅಂತ ಅರ್ಥ. ದುಡ್ಡು ಕೊಡೋಕೆ ಬಂದ ಗಿರಾಕಿಗೆ ಇಟ್ಟ ಹೆಸರು ಇದು! ರಾತ್ರಿ ಒಂಬತ್ತಕ್ಕೆ ಇದ್ದ ದರ ಹನ್ನೊಂದಕ್ಕೆ ಇರಲ್ಲ. ಹೊರಗೆ ಸಾಲು ಉದ್ದ ಆದಷ್ಟೂ ದರ ಏರುತ್ತೆ.

ಗೇಟಿನಲ್ಲಿ ಕಾಯಿಸೋದು ಬರೀ ಅವ್ಯವಸ್ಥೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದೇ ಜಾಹೀರಾತು. ಹೊರಗೆ ಐವತ್ತು ಜನ ನಿಂತಿದ್ದರೆ ದಾರಿಯಲ್ಲಿ ಹೋಗುವವನಿಗೆ ಒಳಗೇನೋ ಭಾರಿ ನಡೀತಿದೆ ಅನ್ನಿಸಬೇಕು. ಅರ್ಧ ಗಂಟೆ ನಿಂತವನು ಒಳಗೆ ಬಿಟ್ಟರೆ ಸಾಕಪ್ಪಾ ಅನ್ನೋ ಸ್ಥಿತಿಗೆ ಬಂದಿರುತ್ತಾನೆ. ಆಗ ಎಷ್ಟು ಕೇಳಿದರೂ ಕೊಡುತ್ತಾನೆ. ಸಂಕ್ರಾಂತಿ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕಬ್ಬು ಮಾರುವವನಿಗೂ ಈ ವಿದ್ಯೆ ಗೊತ್ತು. ಆದರೆ ಅವನು ಗಿರಾಕಿಯನ್ನು ಅವಮಾನ ಮಾಡಲ್ಲ.

ಹಾಗಾದರೆ ಯಾರನ್ನು ಬೇಕಾದರೂ ಬಾಗಿಲಲ್ಲೇ ತಡೆಯಬಹುದಾ? ಜಾಗ ತುಂಬಿದೆ ಅನ್ನಬಹುದು. ಚಪ್ಪಲಿ, ಚಡ್ಡಿ ಹಾಕಿಕೊಂಡು ಬರಬೇಡಿ ಅನ್ನಬಹುದು. ಕುಡಿದು ಗಲಾಟೆ ಮಾಡುವವನನ್ನು ಹೊರಗಿಡಬಹುದು, ಇಡಲೇಬೇಕು. ಆದರೆ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನೆಯ ಜಾಗಗಳ ಹೆಸರು ಹಿಡಿದೇ ಮಾತಾಡುತ್ತೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಬರೀ ಈ ಕಾರಣಕ್ಕೆ ಯಾವ ನಾಗರಿಕನನ್ನೂ ಅಲ್ಲಿಂದ ತಡೆಯುವಂತಿಲ್ಲ. "ಇವತ್ತು ಫಾರಿನರ್ಸ್‌ಗೆ ಮಾತ್ರ" ಅಂತಲೋ, "ನೀವು ಯಾವ ಸ್ಟೇಟ್‌ನವರು?" ಅಂತಲೋ ಬಾಗಿಲಲ್ಲಿ ಶುರು ಮಾಡಿದರೆ ಈ ವಿಧಿ ನೆನಪಿರಲಿ.

ಸರಿ, ದುಡ್ಡು ಕೊಟ್ಟು ಒಳಗೆ ಹೋದಿರಿ. ಆ ದುಡ್ಡಿಗೆ ಕವರ್ ಚಾರ್ಜ್ ಅಂತಾರೆ. "ಇದು ಎಲ್ಲೂ ಹೋಗಲ್ಲ ಸಾರ್, ಒಳಗೆ ಊಟ, ಡ್ರಿಂಕ್ಸ್‌ಗೆ ಹೊಂದಿಸಿಕೊಳ್ಳಬಹುದು" ಅಂತ ಗೇಟಿನವನು ಹೇಳಿರುತ್ತಾನೆ. ಒಳಗೆ ಹೋದರೆ ಆ ಕೂಪನ್ ಎರಡೇ ಎರಡು ಬ್ರ್ಯಾಂಡ್‌ಗೆ ನಡೆಯುತ್ತೆ, ಹನ್ನೆರಡರ ಮೇಲೆ ನಡೆಯಲ್ಲ, ಟೇಬಲ್ ಬೇಕಾದರೆ ಬೇರೆಯೇ ಕನಿಷ್ಠ ಮೊತ್ತ ಕಟ್ಟಬೇಕು. ಇದನ್ನೆಲ್ಲ ದುಡ್ಡು ಈಸಿಕೊಳ್ಳುವ ಮೊದಲು ಯಾಕೆ ಹೇಳಲಿಲ್ಲ? ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಗೊತ್ತಿದ್ದೂ ಮುಚ್ಚಿಡೋದು ಕೂಡ ಸೇವಾ ನ್ಯೂನತೆ. ಇದು ನನ್ನ ವ್ಯಾಖ್ಯಾನ ಅಲ್ಲ, 2019ರ ಕಾಯ್ದೆಯಲ್ಲೇ ಇದೆ.

ಸಂಗೀತದ ವಿಷಯದಲ್ಲೂ ಹೀಗೇ. ಪೋಸ್ಟರ್‌ನಲ್ಲಿ ಬೆಳಗಿನ ಜಾವದವರೆಗೆ ಅಂತ ಇರುತ್ತೆ, ಆಕಾಶದ ಕೆಳಗೆ ಕುಣಿಯುತ್ತಿರುವವರ ಚಿತ್ರ ಇರುತ್ತೆ. ಹತ್ತು ಗಂಟೆಗೆ ಹೊರಗಿನ ಸ್ಪೀಕರ್ ಬಂದ್. ಪೊಲೀಸರು ಬಂದರು ಸಾರ್, ನಾವೇನು ಮಾಡೋಣ ಅಂತ ಮ್ಯಾನೇಜರ್ ಕೈಚೆಲ್ಲುತ್ತಾನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಾಲ್ಕು ಗೋಡೆ ಮುಚ್ಚಿದ ಸಭಾಂಗಣಕ್ಕೆ ಮಾತ್ರ ವಿನಾಯಿತಿ. ಹಬ್ಬ, ಉತ್ಸವದ ಹೆಸರಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು, ಅಷ್ಟೇ. ಅಂಜುನಾ, ವಾಗಾತೋರ್‌ನ ಊರಿನವರು ನಿದ್ದೆ ಕೆಟ್ಟು, ಕೊನೆಗೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಇದೆಲ್ಲ ಕ್ಲಬ್‌ನವನಿಗೆ ಟಿಕೆಟ್ ಮಾರುವಾಗಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ದಾವಣಗೆರೆಯಿಂದ ಹೋದ ಹುಡುಗನಿಗೆ ಮಾತ್ರ.

ಇನ್ನು ಬಿಲ್. ಕಡೆಯಲ್ಲಿ 'ಸರ್ವೀಸ್ ಚಾರ್ಜ್' ಅಂತ ಶೇಕಡಾ ಹತ್ತೋ ಹದಿನೈದೋ ಸೇರಿರುತ್ತೆ. ಇದು ಸರ್ಕಾರದ ತೆರಿಗೆ ಅಂತಲೇ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಅಲ್ಲ. ಅದು ಟಿಪ್ಸ್‌ಗೆ ಹಾಕಿದ ಕೋಟು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಹೋಟೆಲ್ ಅಥವಾ ರೆಸ್ಟೋರೆಂಟ್ ತಾನಾಗಿ ಬಿಲ್ಲಿಗೆ ಇದನ್ನು ಸೇರಿಸುವಂತಿಲ್ಲ, ಬೇರೆ ಹೆಸರಲ್ಲೂ ವಸೂಲಿ ಮಾಡುವಂತಿಲ್ಲ ಅಂದಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿ ಹಿಡಿದು, ಅರ್ಜಿ ಹಾಕಿದ ಎರಡು ಸಂಘಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ವೆಚ್ಚವನ್ನೂ ಹಾಕಿತು. ಮೇಲ್ಮನವಿ ಹೋಗಿದ್ದಾರೆ, ಹೋಗಲಿ. ಸೇವೆ ಹಿಡಿಸಿದರೆ ಮಾಣಿಯ ಕೈಗೆ ನೀವೇ ಕೊಡಿ, ಹಿಡಿಸದಿದ್ದರೆ ಆ ಸಾಲನ್ನು ತೆಗೆಯಿರಿ ಅಂತ ಹೇಳಿ. ಇನ್ನೊಂದು ಮಾತು, ಮದ್ಯ ಜಿಎಸ್‌ಟಿ ವ್ಯಾಪ್ತಿಯಲ್ಲಿ ಇಲ್ಲ. ಬಿಯರ್ ಮೇಲೆ ಜಿಎಸ್‌ಟಿ ಕಂಡರೆ ಬಿಲ್ ವಾಪಸ್ ಕಳಿಸಿ.

ಆದರೆ ನೀರಿನ ಬಾಟಲಿ ಇಟ್ಟುಕೊಂಡು ಜಗಳ ತೆಗೀಬೇಡಿ. ಬಾಟಲಿ ಮೇಲೆ 20 ರೂಪಾಯಿ ಇದೆ, ನೀವು 150 ಹಾಕಿದ್ದೀರಿ ಅಂತ ಕೂಗಾಡುವವರು ಬಹಳ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೋಟೆಲ್‌ನವರ ಪರ ತೀರ್ಪು ಕೊಟ್ಟಿದೆ. ಕೂತು ಕುಡಿಯುವ ಜಾಗ, ಬಡಿಸುವ ಸೇವೆ ಎಲ್ಲ ಸೇರಿರೋದರಿಂದ ಅಲ್ಲಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಅಂತ. ನನಗೂ ಇದು ರುಚಿಸಿಲ್ಲ. ಆದರೆ ಸೋಲುವ ಜಗಳಕ್ಕೆ ಉಸಿರು ಯಾಕೆ ಹಾಳು ಮಾಡಿಕೊಳ್ತೀರಿ?

ಇಷ್ಟು ದುಡ್ಡು ತೆಗೆದುಕೊಂಡು ಇಷ್ಟು ಕೆಟ್ಟದಾಗಿ ಯಾಕೆ ನಡೆಸಿಕೊಳ್ತಾರೆ? ಉತ್ತರ ಸರಳ. ಬಸವನಗುಡಿಯ ದರ್ಶಿನಿಯಲ್ಲಿ ಚಟ್ನಿ ಹುಳಿಯಾದರೆ ಮಾಲೀಕನಿಗೆ ಮರುದಿನ ಬೆಳಗ್ಗೆಯೇ ಗೊತ್ತಾಗುತ್ತೆ. ನಿನ್ನೆ ಬಂದವನು ಇವತ್ತು ಎದುರು ಅಂಗಡಿಯಲ್ಲಿ ಕಾಫಿ ಹೀರುತ್ತಾ ನಿಂತಿರುತ್ತಾನೆ. ಇಡ್ಲಿಗೆ ಹತ್ತಾರು ರೂಪಾಯಿ ಕೊಡುವವನಿಗೆ ಸಿಗುವ ಮರ್ಯಾದೆ ಬರೋದು ಅಲ್ಲಿಂದ. ಕಡಲತೀರದ ಕ್ಲಬ್‌ಗೆ ಹೋದವನು ನಾಳೆ ಬರಲ್ಲ, ಬಹುಶಃ ಮುಂದಿನ ವರ್ಷವೂ ಬರಲ್ಲ. ಅವನ ಬದಲು ಬೇರೆ ಊರಿನಿಂದ ಬೇರೆ ನಾಲ್ವರು ಬರುತ್ತಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಸೀಸನ್‌ನಲ್ಲಿ ವರ್ಷದ ಬಾಡಿಗೆ, ಲೈಸೆನ್ಸ್, ಡಿಜೆ ಖರ್ಚು ಎಲ್ಲ ಎತ್ತಬೇಕು. ಬಂದ ಒಂದೇ ರಾತ್ರಿಯಲ್ಲಿ ಹಿಂಡಿಬಿಡು ಅನ್ನೋದು ಅಲ್ಲಿಯ ವ್ಯಾಪಾರಸೂತ್ರ.

ನಿಮ್ಮ ಮೇಲೆ ರೇಗಿದ ಆ ಮಾಣಿಯನ್ನೂ ಸ್ವಲ್ಪ ನೋಡಿ. ಗೋವಾದ ಹೋಟೆಲ್, ಕ್ಲಬ್‌ಗಳಲ್ಲಿ ದುಡಿಯುವವರಲ್ಲಿ ಬಹಳ ಜನ ಹೊಟ್ಟೆಪಾಡಿಗೆ ಹೊರರಾಜ್ಯಗಳಿಂದ, ನೇಪಾಳದಿಂದ ಬಂದವರು. ನಮ್ಮ ಉತ್ತರ ಕರ್ನಾಟಕದವರೂ ಗೋವಾದಲ್ಲಿ ಕಡಿಮೆ ಇಲ್ಲ. ಸೀಸನ್ ಮುಗಿದರೆ ಕೆಲಸದ ಖಾತ್ರಿ ಇಲ್ಲ. ಬಿಲ್ಲಿನ ಸರ್ವೀಸ್ ಚಾರ್ಜ್ ಅವನ ಜೇಬಿಗೆ ಸೇರುತ್ತೆ ಅನ್ನೋ ಖಾತ್ರಿಯೂ ಇಲ್ಲ.

2025ರ ಡಿಸೆಂಬರ್ 6ರ ರಾತ್ರಿ ನಿಮಗೆ ನೆನಪಿರಬೇಕು. ಬಾಗಾದ ಪಕ್ಕದ ಅರ್ಪೊರಾದಲ್ಲಿ ಒಂದು ದುಬಾರಿ ನೈಟ್‌ಕ್ಲಬ್‌ಗೆ ಬೆಂಕಿ ಬಿತ್ತು. 25 ಜನ ಸತ್ತರು. ಅವರಲ್ಲಿ ಪ್ರವಾಸಿಗರಿಗಿಂತ ಅಲ್ಲಿ ಕೆಲಸಕ್ಕಿದ್ದವರೇ ಹೆಚ್ಚು. ಹೊಗೆಯಲ್ಲಿ ಹೊರಗೆ ಬರೋ ದಾರಿ ಸಿಗದೆ ಉಸಿರುಗಟ್ಟಿ ಹೋದವರು. ರಸ್ತೆ ಕಿರಿದು, ಅಗ್ನಿಶಾಮಕ ವಾಹನ ಹತ್ತಿರ ಹೋಗೋಕೆ ಆಗಲಿಲ್ಲ. ಕ್ಲಬ್ ನಡೆಸುತ್ತಿದ್ದ ಸಹೋದರರು ಥಾಯ್ಲೆಂಡ್‌ಗೆ ಹಾರಿದ್ದರು, ಅಲ್ಲಿಂದ ಹಿಡಿದು ತರಬೇಕಾಯಿತು. ಗೇಟಿನಲ್ಲಿ ನಿಮ್ಮ ಶೂ ನೋಡುವ, ಜೇಬು ನೋಡುವ ಕ್ಲಬ್‌ಗಳಲ್ಲಿ ಇನ್ನೊಂದು ಬಾಗಿಲು ಎಲ್ಲಿದೆ ಅಂತ ತೋರಿಸುವವರು ಎಷ್ಟು ಜನ? ಟೇಬಲ್ ಸಿಗದಿದ್ದರೆ ಬೇಜಾರು. ಹೊರಹೋಗುವ ದಾರಿ ಸಿಗದಿದ್ದರೆ? ಹಾಗಾಗಿ ಒಳಗೆ ಕಾಲಿಟ್ಟ ತಕ್ಷಣ ಮೆನು ಕಾರ್ಡ್ ಕೇಳುವ ಮೊದಲು 'ಎಕ್ಸಿಟ್ ಎಲ್ಲಿ?' ಅಂತ ಕೇಳಿ. ಅದಕ್ಕೆ ಉತ್ತರ ಬರದಿದ್ದರೆ ಕವರ್ ಚಾರ್ಜ್ ಹೋದರೂ ಹೋಗಲಿ, ಎದ್ದು ಬನ್ನಿ.

ಇನ್ನು ಬೌನ್ಸರ್. ಅವನ ಮೈಕಟ್ಟು ನೋಡಿ ಹೆದರುವವರಿಗೆ ಹೇಳ್ತೀನಿ, ಅವನಿಗೆ ನಿಮಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಅಧಿಕಾರ ಇಲ್ಲ. ಫೋನ್ ಕಿತ್ತುಕೊಳ್ಳುವಂತಿಲ್ಲ, ಕೈ ಮಾಡುವಂತಿಲ್ಲ. ಬಿಲ್ ತಕರಾರಿಗೆ ಕೋಣೆಯಲ್ಲಿ ಕೂಡಿ ಹಾಕಿದರೆ ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ. ಆ ಹೊತ್ತಿನಲ್ಲಿ ವಾದ ಬೇಡ, 112ಕ್ಕೆ ಫೋನ್ ಮಾಡಿ. ಪ್ರಾಣಕ್ಕೆ ಕುತ್ತು ಅನ್ನಿಸಿದರೆ ಕೇಳಿದಷ್ಟು ಕೊಟ್ಟು ಹೊರಗೆ ಬನ್ನಿ. ಮೊಬೈಲ್‌ನಿಂದ ಕಟ್ಟಿದ ದುಡ್ಡಿನ ದಾಖಲೆ ಎಲ್ಲಿಗೂ ಹೋಗಲ್ಲ. ಬಿಲ್ ಮಾತ್ರ ಕೇಳಿ ಪಡೆಯಿರಿ. ಬಿಲ್ ಕೊಡದೇ ಇರೋದು ಕೂಡ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಊರಿಗೆ ಬಂದ ಮೇಲೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ತಕರಾರು ಅಲ್ಲೇ ಬಗೆಹರಿಯುತ್ತೆ, ಯಾಕಂದ್ರೆ ನೋಟಿಸ್ ಬರುವ ಮೊದಲೇ ಸರ್ವೀಸ್ ಚಾರ್ಜ್ ವಾಪಸ್ ಕೊಡೋದು ಕ್ಲಬ್‌ನವನಿಗೂ ಅಗ್ಗ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗೋವಾದ ಕ್ಲಬ್ ಮೇಲೆ ಕೇಸ್ ಹಾಕೋಕೆ ಗೋವಾಕ್ಕೆ ಅಲೆಯಬೇಕಲ್ಲ ಅಂತ ಜನ ಕೈಬಿಡೋದು ಇಲ್ಲೇ. ಅಲೆಯಬೇಕಾಗಿಲ್ಲ! ಹಳೇ ಕಾನೂನಿನಲ್ಲಿ ಆ ತೊಂದರೆ ಇತ್ತು. 2019ರ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರ ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯವನು ಧಾರವಾಡ ಜಿಲ್ಲೆಯಲ್ಲೇ ಕೊಡಲಿ, ಮಂಡ್ಯದವನು ಮಂಡ್ಯದಲ್ಲೇ ಕೊಡಲಿ. ಓಡಾಡೋದು ಕ್ಲಬ್‌ನವನ ಪಾಲಿಗೆ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. 'ಇ-ಜಾಗೃತಿ' ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೋದಲ್ಲಿ ಹಾಜರಾಗಲು ಅವಕಾಶ ಕೇಳಬಹುದು. ಬಿಲ್, ದುಡ್ಡು ಕಟ್ಟಿದ ಮೆಸೇಜ್, ಕ್ಲಬ್‌ನ ಜಾಹೀರಾತಿನ ಫೋಟೋ, ಗೇಟಿನ ಬೋರ್ಡಿನ ಫೋಟೋ ಸಿಕ್ಕಿದ್ದರೆ ಅದೂ ಇರಲಿ.

ದೂರು ಕೊಡೋಕೆ ಘಟನೆ ನಡೆದ ದಿನದಿಂದ 2 ವರ್ಷ ಸಮಯ ಇದೆ. ಕಳೆದ ಡಿಸೆಂಬರ್‌ನ ಬಿಲ್ ಫೋನಿನಲ್ಲಿ ಇನ್ನೂ ಇದ್ದರೆ ಅಳಿಸಬೇಡಿ.