ಕ್ಷಿಪ್ರ ಪರೀಕ್ಷೆಯ ಗೆರೆ: ‘ಇಲ್ಲ’ ಮತ್ತು ‘ಕಂಡುಬಂದಿಲ್ಲ’

ಮಳೆಗಾಲ ತೊಡಗಿದೊಡನೆ ಹಾಜರಿ ಪುಸ್ತಕದಲ್ಲಿ ಜ್ವರದ ರಜೆಗಳು ಹೆಚ್ಚುತ್ತವೆ. ಕಾಸರಗೋಡಿನ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಗೆರಟೆಗಳಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತವರು. ನೀರನ್ನು ಕೂಡಿಡಬೇಕಾದ ಬಯಲುಸೀಮೆಯ ಊರುಗಳಲ್ಲಿ ಮನೆಯ ತೊಟ್ಟಿಯೇ ಸಾಕು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಪಾಲಕರು ಪ್ರಯೋಗಾಲಯದ ಚೀಟಿಯನ್ನು ಹಿಡಿದು ಶಿಕ್ಷಕರ ಬಳಿಗೆ ಬರುವುದುಂಟು. ಆಸ್ಪತ್ರೆಯವರು ಮಲಯಾಳದಲ್ಲಿಯೋ ತಮಿಳು, ಮರಾಠಿಗಳಲ್ಲಿಯೋ ಹೇಳಿದ ಮಾತು ಮನೆಯ ಕನ್ನಡಕ್ಕೆ ತಿರುಗುವುದು ಅಲ್ಲಿಯೇ. ಆ ಚೀಟಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದು ಶಿಕ್ಷಕರಿಗೆ ತಿಳಿದಿರಬೇಕು.

ಕ್ಷಿಪ್ರ ಪರೀಕ್ಷೆಯ ಪಟ್ಟಿಯ ತತ್ತ್ವ ಸರಳವಾದುದು. ಮಸಿ ಹೀರುವ ಕಾಗದದ ತುದಿಯನ್ನು ನೀರಿಗೆ ಮುಟ್ಟಿಸಿದರೆ ನೀರು ತಾನೇ ಹರಿದು ಮೇಲೇರುವುದನ್ನು ಮಕ್ಕಳು ಬಲ್ಲರು. ಪಟ್ಟಿಯ ಮೇಲೆ ರಕ್ತದ ಹನಿ ಹರಿಯುವುದೂ ಹಾಗೆಯೇ. ದಾರಿಯಲ್ಲಿ ಅದು ಅತಿಸೂಕ್ಷ್ಮ ಚಿನ್ನದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳನ್ನು ಕೂಡಿಕೊಳ್ಳುತ್ತದೆ. ರೋಗಾಣುವಿನ ಪ್ರೋಟೀನು ರಕ್ತದಲ್ಲಿದ್ದರೆ ಈ ಕಣಗಳು ಅದಕ್ಕೆ ಹತ್ತಿಕೊಂಡು, ‘ಟಿ’ ಎಂಬ ಗುರುತಿನ ಬಳಿ ಸೆರೆಸಿಕ್ಕಿ ಕೆಂಪು ಗೆರೆಯಾಗಿ ಕಾಣುತ್ತವೆ. (ಅಷ್ಟು ಸಣ್ಣ ಕಣಗಳಾದಾಗ ಚಿನ್ನದ ಬಣ್ಣ ಹಳದಿಯಲ್ಲ, ಕೆಂಪು, ಮಕ್ಕಳಿಗೆ ಇದು ತುಂಬ ಹಿಡಿಸುವ ಸಂಗತಿ.) ‘ಸಿ’ ಗೆರೆ ಪಟ್ಟಿ ಸರಿಯಾಗಿ ಕೆಲಸಮಾಡಿತೆಂಬುದಕ್ಕೆ ಸಾಕ್ಷಿ. ಅದು ಮೂಡದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಗೆರೆ ಮೂಡಬೇಕಾದರೆ ಹುಡುಕುವ ವಸ್ತು ಆ ದಿನ, ಸಾಕಷ್ಟು ಪ್ರಮಾಣದಲ್ಲಿ ರಕ್ತದಲ್ಲಿರಬೇಕು. ಡೆಂಗಿಯಲ್ಲಿ ವೈರಾಣುವಿನ ಎನ್‌ಎಸ್ 1 ಎಂಬ ಪ್ರೋಟೀನು ಜ್ವರದ ಮೊದಲ ದಿನಗಳಲ್ಲಿ ದೊರೆಯುತ್ತದೆ. ಸುಮಾರು 5 ದಿನಗಳ ಬಳಿಕ ಕಡಮೆಯಾಗುತ್ತದೆ. ಐಜಿಎಂ ಎಂಬ ಪ್ರತಿಕಾಯ ಕಾಣಿಸಿಕೊಳ್ಳತೊಡಗುವುದು ಬಹುಮಟ್ಟಿಗೆ ಆಗಲೇ. ಎರಡನೆಯ ದಿನ ಐಜಿಎಂ ಮಾತ್ರ ನೋಡಿದರೂ, ಏಳನೆಯ ದಿನ ಎನ್‌ಎಸ್ 1 ಮಾತ್ರ ನೋಡಿದರೂ, ಡೆಂಗಿಯಿರುವ ಮಗುವಿನ ಚೀಟಿಯಲ್ಲಿ ‘ನೆಗೆಟಿವ್’ ಎಂದೇ ಬರಬಹುದು. ಹಿಂದೊಮ್ಮೆ ಡೆಂಗಿ ಬಂದಿದ್ದವರಲ್ಲಿ ಎನ್‌ಎಸ್ 1 ತಪ್ಪಿಹೋಗುವ ಸಂಭವ ಇನ್ನೂ ಹೆಚ್ಚು. ಎರಡನೆಯ ಸಲದ ಡೆಂಗಿಯೇ ಹೆಚ್ಚು ಅಪಾಯಕರವೂ ಹೌದು. ನಮ್ಮ ದೇಶದ ಡೆಂಗಿ ನಿಯಂತ್ರಣ ವ್ಯವಸ್ಥೆ ಖಚಿತ ನಿರ್ಣಯಕ್ಕೆ ಕ್ಷಿಪ್ರ ಪಟ್ಟಿಯನ್ನಲ್ಲದೆ ಎಲಿಸಾ ಪರೀಕ್ಷೆಯನ್ನು ಅವಲಂಬಿಸಿದೆ.

ಮಲೇರಿಯಾದಲ್ಲಿ ತೊಡಕು ಬೇರೆ ಬಗೆಯದು. ಫಾಲ್ಸಿಪಾರಂ ಮಲೇರಿಯಾದ ಪಟ್ಟಿ ಸಾಮಾನ್ಯವಾಗಿ ಹುಡುಕುವ ಪ್ರೋಟೀನು, ಔಷಧದಿಂದ ರೋಗಾಣು ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಗುಣವಾದ ಮಗುವಿನಲ್ಲಿಯೂ ಗೆರೆ ಮೂಡೀತು.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ‘ಪಾಸಿಟಿವ್’ ಎಂದರೆ ಒಳ್ಳೆಯದೆಂದು ತಿಳಿಯುವವರು ಇಂದಿಗೂ ಇದ್ದಾರೆ. ಅದನ್ನು ‘ಗುರುತು ಕಂಡುಬಂದಿದೆ’ ಎಂದರೆ ಸಂಶಯವಿರದು. ‘ನೆಗೆಟಿವ್’ ಎಂಬುದನ್ನು ‘ರೋಗ ಇಲ್ಲ’ ಎನ್ನುವುದು ಮಾತ್ರ ಅಪಾಯಕಾರಿಯಾದ ಅನುವಾದ. ‘ಕಂಡುಬಂದಿಲ್ಲ’ ಎಂಬ ಕ್ರಿಯಾಪದ ಕನ್ನಡದಲ್ಲಿರುವಾಗ ‘ಇಲ್ಲ’ ಎಂಬ ತೀರ್ಪನ್ನು ಶಿಕ್ಷಕರು ಏಕೆ ಕೊಡಬೇಕು? ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತು, ಎಂದರೆ ಸುಮಾರು 3ರಿಂದ 7ನೆಯ ದಿನದ ನಡುವೆ, ಕೆಲವು ಮಕ್ಕಳ ಸ್ಥಿತಿ ಹಠಾತ್ತನೆ ಬಿಗಡಾಯಿಸುತ್ತದೆ. ‘ಇಲ್ಲ’ವೆಂದು ಕೇಳಿದ ತಾಯಿ ಮಗುವನ್ನು ಶಾಲೆಗೆ ಕಳುಹಿಸುವುದೂ ಆ ದಿನಗಳಲ್ಲಿಯೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಮಂಕುತನ, ತಣ್ಣಗಾದ ಕೈಕಾಲು ಇವುಗಳಲ್ಲಿ ಒಂದು ಕಂಡರೂ ಚೀಟಿಯಲ್ಲಿ ಏನೇ ಬರೆದಿರಲಿ, ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಕೂಡದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಚೀಟಿಯನ್ನು ತಂದವರನ್ನು ಶಿಕ್ಷಕರು ಮೊದಲು ಕೇಳಬೇಕಾದುದು ಎರಡೇ: ಜ್ವರ ತೊಡಗಿದ್ದು ಎಂದು, ರಕ್ತ ಕೊಟ್ಟದ್ದು ಎಂದು. ಆ ಎರಡು ದಿನಾಂಕಗಳನ್ನು ಚೀಟಿಯ ಹಿಂಬದಿಯಲ್ಲಿ ಅಂಕಿಗಳಲ್ಲಿ ಬರೆದು ಕಳುಹಿಸಿದರೆ, ಯಾವ ಭಾಷೆಯ ವೈದ್ಯರೂ ಓದಿಕೊಳ್ಳುತ್ತಾರೆ.