ರೇಸಿನ ಕಣಕ್ಕಿಳಿದ ಕರೆಂಟು ಕಾರು

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಸೊರಬ, ಶಿಕಾರಿಪುರ ಸೀಮೆಯ ಜಡೆ, ಆನವಟ್ಟಿ, ಶಿರಾಳಕೊಪ್ಪದ ಸುತ್ತಮುತ್ತ ಹೋರಿ ಹಬ್ಬದ ಹುರುಪು ಏಳುತ್ತದೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಯಾರ ಕೈಗೂ ಸಿಗದೆ ಅಖಾಡ ದಾಟಿತೆಂದರೆ, ಅದನ್ನು ಸಾಕಿದ ಮನೆಯ ಹೆಸರೂ ಊರೂರಿಗೆ ಹಬ್ಬುತ್ತದೆ. ಆ ಕೆಲವು ಕ್ಷಣಗಳ ಓಟದ ಹಿಂದೆ ವರ್ಷವಿಡೀ ಹಾಕಿದ ಮೇವು, ಮಾಡಿಸಿದ ತಾಲೀಮು ಇರುತ್ತದೆ. ಮೋಟಾರು ಕಂಪನಿಗಳು ರೇಸಿಗೆ ಇಳಿಯುವುದೂ ಇಂಥ ಹೆಸರಿಗಾಗಿಯೇ. ಹೆಸರಿನ ಜೊತೆಗೆ ಅವಕ್ಕೆ ಇನ್ನೊಂದು ಲಾಭವೂ ಉಂಟು: ಕಲಿಕೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಒಂದು ಪುಟ್ಟ ಕಾರಿನ ಕಥೆಯನ್ನೂ ಅದರ ತಯಾರಕರನ್ನು ಕೊಂಡ ಭಾರತೀಯ ಕಂಪನಿ ಜಗತ್ತಿನ ದೊಡ್ಡ ರೇಸಿನ ಕಣಕ್ಕೆ ಹೋದ ದಾರಿಯನ್ನೂ ಈ ಅಧ್ಯಾಯದಲ್ಲಿ ನೋಡೋಣ.

ಕಂಪನಿಗಳು ರೇಸಿಗೆ ಏಕೆ ಇಳಿಯುತ್ತವೆ?

1906ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ ಬಳಿ ಮೊದಲ ಗ್ರ್ಯಾನ್ ಪ್ರಿ ಕಾರು ರೇಸು ನಡೆಯಿತು. ಒಂದು ಸುತ್ತಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಎರಡು ದಿನಗಳಲ್ಲಿ ಒಟ್ಟು 12 ಸುತ್ತು. ಜಲ್ಲಿ ಎದ್ದ ರಸ್ತೆ, ಬಿಸಿಲಿಗೆ ಕರಗಿದ ಡಾಂಬರು. ಮೇಲಿಂದ ಮೇಲೆ ಟೈರು ಒಡೆಯುತ್ತಿದ್ದವು. ಕಾರಿನಲ್ಲಿದ್ದ ಇಬ್ಬರೇ ಅದನ್ನು ಬದಲಿಸಬೇಕಿತ್ತು. ಹೆಚ್ಚಿನವರು ಹಳೆಯ ಟೈರನ್ನು ಚಾಕುವಿನಿಂದ ಕೊಯ್ದು ಕಿತ್ತು, ಹೊಸದನ್ನು ಎಳೆದು ಕೂರಿಸಿ ಗಾಳಿ ತುಂಬುತ್ತಿದ್ದರು. ರೆನೋ ಕಂಪನಿಯ ಕಾರಿನ ಹಿಂದಿನ ಚಕ್ರಗಳಿಗೆ ಮಿಷೆಲಿನ್ ಕಂಪನಿಯ ಹೊಸ ಬಗೆಯ ರಿಮ್ ಇತ್ತು. ಕೆಲವು ನಟ್ಟು ಬಿಚ್ಚಿದರೆ ರಿಮ್ ಸಮೇತ ಟೈರು ಕೈಗೆ ಬರುತ್ತಿತ್ತು. ಮೊದಲೇ ಗಾಳಿ ತುಂಬಿಟ್ಟ ಇನ್ನೊಂದನ್ನು ಅಲ್ಲಿ ಕೂರಿಸಿದರೆ ಆಯಿತು. ಫೆರೆಂಕ್ ಸಿಸ್ ಓಡಿಸಿದ ಆ ರೆನೋ ಕಾರು ಗೆದ್ದಿತು. ಮುಂದಿನ ವರ್ಷಗಳಲ್ಲಿ ಕಂಪನಿಯ ಮಾರಾಟವೂ ಏರಿತು. ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಿಕೊಂಡು ಹೊರಡುವ ಇಂದಿನ ನೆಮ್ಮದಿಯ ಹಿಂದೆ ಇಂಥ ಓಟಗಳ ಒತ್ತಡವಿದೆ.

ಜಪಾನಿನ ಹೋಂಡಾ ಇನ್ನೊಂದು ಉದಾಹರಣೆ. ಬೈಕಿನಿಂದ ಹೆಸರಾದ ಈ ಕಂಪನಿ 1959ರಲ್ಲಿ ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ರೇಸಿಗೆ ಹೋಯಿತು. ಕಾರು ತಯಾರಿಕೆ ಶುರು ಮಾಡಿದ ಮರುವರ್ಷವೇ, 1964ರಲ್ಲಿ, ಫಾರ್ಮುಲಾ ಒನ್‌ಗೆ ಇಳಿಯಿತು. 1965ರಲ್ಲಿ ಮೆಕ್ಸಿಕೋದಲ್ಲಿ ಗೆದ್ದಿತು. ರೇಸಿನಲ್ಲಿ ಮುಂದಿನ ಓಟದ ದಿನಾಂಕ ಮೊದಲೇ ಗೊತ್ತಾಗಿರುತ್ತದೆ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಕಚೇರಿಯಲ್ಲಿ ವರ್ಷ ಹಿಡಿಯುವ ತೀರ್ಮಾನವನ್ನು ಎಂಜಿನಿಯರುಗಳು ಅಲ್ಲಿ ವಾರದೊಳಗೆ ಮಾಡಬೇಕಾಗುತ್ತದೆ. ಕಂಪನಿ ಬೆಳೆಯುವುದು ಈ ಅವಸರದಲ್ಲಿ.

ತಂಡ ಕಟ್ಟುವುದು ಬೇರೆ, ಯಂತ್ರ ಕಟ್ಟುವುದು ಬೇರೆ

ಫಾರ್ಮುಲಾ ಒನ್ ಎಂದೊಡನೆ ಕನ್ನಡಿಗರಿಗೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ನೆನಪಾಗುತ್ತದೆ. 2008ರಲ್ಲಿ ಕಣಕ್ಕಿಳಿದ ಈ ತಂಡದ ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಸ್ಥಾನದಿಂದ ಓಟ ಶುರು ಮಾಡಿ ಎರಡನೆಯವರಾಗಿ ಬಂದರು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ತಂಡದ ಕಾರ್ಯಾಗಾರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿತ್ತು, ಎಂಜಿನ್ ಮರ್ಸಿಡಿಸ್ ಕಂಪನಿಯದು. ಅಲ್ಲಿ ಕಲಿತದ್ದು ನಮ್ಮ ರಸ್ತೆಗೆ ಬರುವ ಯಾವ ಕಾರಿಗೂ ಸೇರುವಂತಿರಲಿಲ್ಲ. ತಾನೇ ವಾಹನ ಮಾಡಿ ಮಾರುವ ಕಂಪನಿ ಕಣಕ್ಕಿಳಿದಾಗ ಲೆಕ್ಕ ಬೇರೆಯಾಗುತ್ತದೆ. ಅಂಥ ಕಥೆಯೊಂದು ಶುರುವಾದದ್ದು ಬಿಸಿಲಿನಿಂದ ಓಡುವ ಕಾರಿನಿಂದ.

ಬಿಸಿಲು ಕುಡಿದು ಓಡಿದ ಕಾರು

ಬೆಂಗಳೂರಿನ ಚೇತನ್ ಮೈನಿ 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೌರ ಕಾರನ್ನು ಕಟ್ಟಿದರು. ಆ ತಂಡದಲ್ಲಿ ಅವರೂ ಇದ್ದರು. ಫ್ಲೋರಿಡಾದಿಂದ ಮಿಷಿಗನ್‌ವರೆಗೆ ನಡೆದ ಸನ್‌ರೇಸ್‌ನಲ್ಲಿ ಆ ಕಾರು ಮೊದಲು ಬಂತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ಗೆ, ಸುಮಾರು 3,000 ಕಿಲೋಮೀಟರ್ ದೂರದ ವಿಶ್ವ ಸೌರ ಸ್ಪರ್ಧೆಯಲ್ಲಿ, ಮೂರನೆಯ ಸ್ಥಾನ ಪಡೆಯಿತು.

ಸೌರ ಕಾರಿನ ರೇಸು ಒಂದು ಪಾಠವನ್ನು ಎಲುಬಿಗೆ ಇಳಿಸುತ್ತದೆ. ಬಿಸಿಲು ಕೊಟ್ಟಷ್ಟೇ ಶಕ್ತಿ. ಮೋಡ ಬಂದರೆ ಅದೂ ಇಲ್ಲ. ಆದ್ದರಿಂದ ಗಾಳಿಯ ತಡೆ, ಟೈರಿನ ಎಳೆತ, ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಕರೆಂಟು, ಎಲ್ಲವನ್ನೂ ಗುಂಜಿ ಗುಂಜಿ ಉಳಿಸಬೇಕು. ಇದ್ದುದರಲ್ಲೇ ಯಾರು ಹೆಚ್ಚು ದೂರ, ಹೆಚ್ಚು ಬೇಗ ಹೋಗುತ್ತಾರೋ ಅವರು ಗೆಲ್ಲುತ್ತಾರೆ.

ಈ ಪಾಠ ಹೊತ್ತ ಮೈನಿ ಬೆಂಗಳೂರಿಗೆ ಮರಳಿದರು. ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿ 1994ರಲ್ಲಿ ಕೈಜೋಡಿಸಿ ಕಟ್ಟಿದ ರೇವಾ ಕಂಪನಿ 2001ರಲ್ಲಿ ತನ್ನ ಕಾರನ್ನು ಮಾರುಕಟ್ಟೆಗೆ ತಂದಿತು. ಎರಡು ಬಾಗಿಲಿನ ಪುಟಾಣಿ ಕಾರು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಸೀಟಿನಡಿ ಎಂಟು ಬ್ಯಾಟರಿಗಳು. ಮನೆಯ ಯುಪಿಎಸ್‌ಗೆ ಇಡುವಂಥ ಸೀಸ–ಆಮ್ಲದ ಬಗೆಯವೇ. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಮೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಹತ್ತು ಯೂನಿಟ್ಟಿಗೂ ಕಡಿಮೆ ಕರೆಂಟು. ಮನೆಯ ಪ್ಲಗ್ಗಿನಲ್ಲೇ ಚಾರ್ಜು ಮಾಡಿಕೊಂಡು ಸುಮಾರು 80 ಕಿಲೋಮೀಟರ್ ಓಡಿಸಬಹುದಿತ್ತು. ಬ್ರೇಕು ಹಿಡಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ಮರಳುವ ಏರ್ಪಾಡೂ ಇತ್ತು. ‘ಜಿ–ವಿಜ್’ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ನಮ್ಮಲ್ಲಿ ಅನೇಕರು ಅದನ್ನು ಆಟಿಕೆಯೆಂದು ಕಡೆಗಣಿಸಿದರು. ಆದರೆ ಬ್ಯಾಟರಿ, ಮೋಟಾರು, ಕಂಟ್ರೋಲರ್‌ಗಳನ್ನು ಹೊಂದಿಸುವ ವಿದ್ಯೆ ಆ ಆಟಿಕೆಯೊಳಗೆ ವರ್ಷದಿಂದ ವರ್ಷಕ್ಕೆ ಪಕ್ವವಾಗುತ್ತಿತ್ತು.

ಮಹೀಂದ್ರ ಹಿಡಿದ ದಾರಿ

2010ರ ಮೇ ತಿಂಗಳಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಕಂಪನಿ ರೇವಾದ 55.2 ಶೇಕಡಾ ಪಾಲನ್ನು ಕೊಂಡಿತು. 2012ರಲ್ಲಿ ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿ ಹೊಸ ಕಾರ್ಖಾನೆ ತೆರೆಯಿತು. ಮರುವರ್ಷ ಲಿಥಿಯಂ ಬ್ಯಾಟರಿಯ ‘ಇ2ಒ’ ಕಾರು ಬಂತು. ಜೀಪು, ಟ್ರ್ಯಾಕ್ಟರುಗಳಿಗೆ ಹೆಸರಾದ ಕಂಪನಿಗೆ ವಿದ್ಯುತ್ ಕಾರಿನ ಅಡಿಪಾಯ ಸಿಕ್ಕಿದ್ದು ಹೀಗೆ.

ಅದೇ ಹೊತ್ತಿಗೆ ಮಹೀಂದ್ರ ರೇಸಿಂಗ್ ತಂಡ ಬೈಕಿನ ಕಣದಲ್ಲಿ ಅಂಬೆಗಾಲಿಡುತ್ತಿತ್ತು. 2011ರಲ್ಲಿ 125 ಸಿಸಿ ವಿಶ್ವ ಸ್ಪರ್ಧೆಗೆ, ಮರುವರ್ಷ ಮೋಟೊ3ಗೆ ಇಳಿಯಿತು. ಸೋಲಿನ ಮೇಲೆ ಸೋಲು ಕಂಡ ಮೇಲೆ, 2016ರ ಜೂನ್‌ನಲ್ಲಿ ನೆದರ್‌ಲೆಂಡ್ಸಿನ ಅಸೆನ್‌ನಲ್ಲಿ ಫ್ರಾನ್ಸೆಸ್ಕೊ ಬಾನ್ಯಾಯಾ ಮಹೀಂದ್ರ ಬೈಕಿನಲ್ಲಿ ಗೆದ್ದರು. ಮುಂದೆ ಬೈಕ್ ರೇಸಿನ ಅತಿ ದೊಡ್ಡ ದರ್ಜೆಯಾದ ಮೋಟೊಜಿಪಿಯ ವಿಶ್ವ ಚಾಂಪಿಯನ್ ಆದದ್ದು ಇದೇ ಹುಡುಗ. 2017ರ ನಂತರ ಕಂಪನಿ ಆ ಕಣ ಬಿಟ್ಟಿತು. ಅಷ್ಟರಲ್ಲಿ ಅದರ ಮನಸ್ಸು ಬೇರೆ ಕಡೆ ನೆಟ್ಟಿತ್ತು.

2014ರ ಸೆಪ್ಟೆಂಬರ್ 13ರಂದು ಚೀನಾದ ಬೀಜಿಂಗ್‌ನಲ್ಲಿ ಫಾರ್ಮುಲಾ ಇ ಸ್ಪರ್ಧೆಯ ಮೊದಲ ಓಟ ನಡೆಯಿತು. ಎಲ್ಲವೂ ಕರೆಂಟಿನ ಕಾರುಗಳು, ಹತ್ತು ತಂಡಗಳು, ಅವುಗಳಲ್ಲಿ ಭಾರತದ್ದು ಮಹೀಂದ್ರ ಒಂದೇ. ಚೆನ್ನೈನ ಕರುಣ್ ಚಂಧೋಕ್ ಮತ್ತು ಫಾರ್ಮುಲಾ ಒನ್‌ನ ಹೆಸರಾಂತ ಚಾಲಕ ಅಯರ್ಟನ್ ಸೆನ್ನಾರ ಸೋದರಳಿಯ ಬ್ರೂನೊ ಸೆನ್ನಾ ಅದರ ಚಾಲಕರು. ಮೊದಲ ವರ್ಷ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು. ಎರಡನೆಯ ವರ್ಷದಿಂದ ಮೋಟಾರು, ಇನ್ವರ್ಟರ್, ಗೇರುಬಾಕ್ಸುಗಳನ್ನು ತಯಾರಕರು ತಾವೇ ಮಾಡಿಕೊಳ್ಳಬಹುದೆಂಬ ನಿಯಮ ಬಂತು. ಮಹೀಂದ್ರ ತಯಾರಕನಾಗಿಯೇ ಹೆಸರು ಬರೆಸಿತು. ಆ ವರ್ಷದ ಮೊದಲ ಓಟದಲ್ಲೇ ನಿಕ್ ಹೈಡ್‌ಫೆಲ್ಡ್ ಮೂರನೆಯವರಾಗಿ ಬಂದು ತಂಡಕ್ಕೆ ಮೊದಲ ಪೋಡಿಯಂ ಸ್ಥಾನ ತಂದರು.

28 ಯೂನಿಟ್ಟಿನಲ್ಲಿ ಒಂದು ಓಟ

ಮೊದಲ ತಲೆಮಾರಿನ ಫಾರ್ಮುಲಾ ಇ ಕಾರಿಗೆ ಓಟದಲ್ಲಿ ಬಳಸಲು ಸಿಗುತ್ತಿದ್ದುದು 28 ಯೂನಿಟ್ ಕರೆಂಟು. ಅಷ್ಟರಲ್ಲಿ ಓಟ ಮುಗಿಯುತ್ತಿರಲಿಲ್ಲ. ನಡುದಾರಿಯಲ್ಲಿ ಚಾಲಕ ಗ್ಯಾರೇಜಿಗೆ ಬಂದು, ಬೆಲ್ಟು ಬಿಚ್ಚಿ ಹಾರಿ ಇಳಿದು, ಪಕ್ಕದಲ್ಲಿ ಚಾರ್ಜಾಗಿ ನಿಂತ ಇನ್ನೊಂದು ಕಾರಿಗೆ ಹತ್ತಿ ಹೊರಡುತ್ತಿದ್ದ. 2018ರ ಕೊನೆಯಲ್ಲಿ ಬಂದ ಎರಡನೆಯ ತಲೆಮಾರಿನ ಕಾರಿಗೆ 50 ಯೂನಿಟ್ಟಿಗೂ ಹೆಚ್ಚು ಹಿಡಿಯುವ ಬ್ಯಾಟರಿ ಬಂತು. ಕಾರು ಬದಲಿಸುವ ಗಡಿಬಿಡಿ ನಿಂತಿತು.

ಈ ರೇಸಿನ ಜಾಣತನವೆಲ್ಲ ತಿರುವಿನ ಹತ್ತಿರ ಕಾಣುತ್ತದೆ. ನೇರ ರಸ್ತೆಯ ಕೊನೆಯವರೆಗೂ ಆಕ್ಸಿಲರೇಟರ್ ಒತ್ತಿಯೇ ಹೋದರೆ ಕರೆಂಟು ಸುಡುತ್ತದೆ. ಅದಕ್ಕೆ ಚಾಲಕ ತಿರುವಿಗೆ ಮೊದಲೇ ಕಾಲು ತೆಗೆಯುತ್ತಾನೆ, ಕಾರು ತನ್ನ ವೇಗದಲ್ಲೇ ಜಾರಿಕೊಂಡು ಸಾಗುತ್ತದೆ. ಬ್ರೇಕು ಒತ್ತಿದಾಗ ಮೋಟಾರಿನ ಕೆಲಸ ತಿರುಗುಮುರುಗಾಗುತ್ತದೆ. ಅಲ್ಲಿಯವರೆಗೆ ಚಕ್ರವನ್ನು ತಿರುಗಿಸುತ್ತಿದ್ದ ಮೋಟಾರನ್ನು ಈಗ ಚಕ್ರವೇ ತಿರುಗಿಸುತ್ತದೆ, ಅದು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಎಲ್ಲಿ ಕಾಲು ತೆಗೆಯಬೇಕು, ಎಷ್ಟು ಉಳಿಸಬೇಕು ಎಂಬ ಲೆಕ್ಕವನ್ನು ಎಂಜಿನಿಯರು ರೇಡಿಯೊದಲ್ಲಿ ಸುತ್ತು ಸುತ್ತಿಗೂ ಹೇಳುತ್ತಿರುತ್ತಾನೆ. ಬೇಗ ಕಾಲು ತೆಗೆದವನನ್ನು ಹಿಂದಿನವನು ದಾಟುತ್ತಾನೆ. ತಡ ಮಾಡಿದವನು ಕೊನೆಯ ಸುತ್ತಿನಲ್ಲಿ ಬರಿದಾಗಿ ನಿಲ್ಲುತ್ತಾನೆ.

ಬ್ಯಾಟರಿಯ ನೇರ ಕರೆಂಟನ್ನು ಮೋಟಾರಿಗೆ ಬೇಕಾದ ಪರ್ಯಾಯ ಕರೆಂಟಾಗಿ ಮಾಡುವುದು ಇನ್ವರ್ಟರ್. ಅಲ್ಲಿ ಬಿಸಿಯಾಗಿ ಕಳೆದುಹೋಗುವ ಪ್ರತಿ ಶೇಕಡಾ ಅಂಶವೂ ಓಟದಲ್ಲಿ ಮೀಟರುಗಳ ನಷ್ಟ. ಈ ಪೋಲು ತಗ್ಗಿಸಲು ಸಿಲಿಕಾನ್ ಕಾರ್ಬೈಡ್ ಚಿಪ್‌ಗಳು ಬಂದವು. 2023ರಲ್ಲಿ ಕಣಕ್ಕೆ ಬಂದ ಮೂರನೆಯ ತಲೆಮಾರಿನ ಕಾರಿನ ಬ್ಯಾಟರಿ ಹಿಂದಿನದಕ್ಕಿಂತ ಚಿಕ್ಕದು. ಆದರೂ ಅದರ ಗರಿಷ್ಠ ವೇಗ ಗಂಟೆಗೆ 320 ಕಿಲೋಮೀಟರ್ ದಾಟುವಂಥದ್ದು. ಓಟದಲ್ಲಿ ಬಳಸುವ ಶಕ್ತಿಯ ಸುಮಾರು 40 ಶೇಕಡಾ ಬ್ರೇಕಿನಿಂದಲೇ ಮರಳಿ ಬರುತ್ತದೆ. ಬ್ಯಾಟರಿ ಚಿಕ್ಕದಾಗಿ ವೇಗ ಹೆಚ್ಚಿತಲ್ಲ, ಸನ್‌ರನ್ನರ್ ಕಲಿಸಿದ್ದು ಇದೇ ಮಿತವ್ಯಯದ ವಿದ್ಯೆಯನ್ನು, ರೇವಾ ಬದುಕಿದ್ದೂ ಇದರಿಂದಲೇ.

ಗೆಲುವು, ಹಿನ್ನಡೆ

2017ರ ಜೂನ್ 10ರಂದು ಬರ್ಲಿನ್ನಿನ ಹಳೆಯ ಟೆಂಪಲ್‌ಹಾಫ್ ವಿಮಾನ ನಿಲ್ದಾಣದಲ್ಲಿ ಹಾಕಿದ ಟ್ರ್ಯಾಕಿನಲ್ಲಿ ಸ್ವೀಡನ್ನಿನ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಮಹೀಂದ್ರಕ್ಕೆ ಮೊದಲ ಗೆಲುವು ತಂದರು. ಆ ವರ್ಷ ತಂಡ ಒಟ್ಟಾರೆ ಮೂರನೆಯ ಸ್ಥಾನಕ್ಕೇರಿತು. ಮುಂದೆ ಹಾಂಗ್‌ಕಾಂಗ್, ಮರ್ರಾಕೆಷ್, ಲಂಡನ್‌ಗಳಲ್ಲೂ ಗೆಲುವು ಬಂತು. ಆಡಿ, ಪೋರ್ಷೆ, ಜಾಗ್ವಾರ್‌ನಂಥ ಘಟಾನುಘಟಿಗಳ ಎದುರು ಇದು ಕಡಿಮೆ ಮಾತಲ್ಲ.

2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಭಾರತದ ಮೊದಲ ಫಾರ್ಮುಲಾ ಇ ಓಟ ನಡೆಯಿತು. ಅದಾಗಿ ಎರಡೇ ವಾರಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಹೀಂದ್ರ ಓಟಕ್ಕೆ ಮೊದಲೇ ಹಿಂದೆ ಸರಿಯಬೇಕಾಯಿತು. ಹಿಂಬದಿಯ ಸಸ್ಪೆನ್ಷನ್ ಭಾಗದ ಗಟ್ಟಿತನದ ಬಗ್ಗೆ ಅನುಮಾನ ಹುಟ್ಟಿತ್ತು. ಮಹೀಂದ್ರದ ಪವರ್‌ಟ್ರೇನ್ (ಮೋಟಾರು, ಇನ್ವರ್ಟರ್, ಗೇರುಬಾಕ್ಸಿನ ಜೋಡಣೆ) ಕೊಂಡು ಓಡಿಸುತ್ತಿದ್ದ ಜರ್ಮನಿಯ ಎಬಿಟಿ ತಂಡವೂ ಅಂದು ಕಣಕ್ಕಿಳಿಯಲಿಲ್ಲ. ಚಾಲಕರ ಜೀವಕ್ಕಿಂತ ಅಂಕ ದೊಡ್ಡದಲ್ಲವೆಂದು ಕಾರು ನಿಲ್ಲಿಸಿದ ಆ ತೀರ್ಮಾನಕ್ಕೆ ಗೆಲುವಿನಷ್ಟೇ ಗೌರವ ಸಲ್ಲಬೇಕು. ರೇಸಿನ ಪರಂಪರೆ ಎಂದರೆ ಬರೀ ಕಪ್ಪುಗಳ ಸಾಲಲ್ಲ. ಮುರಿದದ್ದೇನು, ಏಕೆ ಮುರಿಯಿತು, ಹೇಗೆ ಸರಿಪಡಿಸಿದೆವು ಎಂಬ ದಾಖಲೆಯೂ ಅದರಲ್ಲಿ ಸೇರಿದೆ.

ಈ ವಿದ್ಯೆ ಯಾರ ಕೈಗೆ ಬರಬೇಕು?

ಜಗತ್ತಿನ ಗಾಳಿಯೂ ಈಗ ಈ ಕಡೆಗೇ ಬೀಸುತ್ತಿದೆ. ರ‍್ಯಾಲಿ ಮತ್ತು ಲೆ ಮಾನ್ ಓಟಗಳಲ್ಲಿ ಹೆಸರು ಮಾಡಿದ ಜರ್ಮನಿಯ ಆಡಿ, ಸೌಬರ್ ತಂಡವನ್ನು ತನ್ನದಾಗಿಸಿಕೊಂಡು ಫಾರ್ಮುಲಾ ಒನ್‌ಗೆ ಬರಲು ಆರಿಸಿಕೊಂಡದ್ದು 2026ನೇ ಇಸವಿಯನ್ನು. ಕಾರಿನ ಬಲದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ವಿದ್ಯುತ್ತಿನದಾಗಬೇಕೆಂಬ ನಿಯಮ ಜಾರಿಗೆ ಬಂದದ್ದೂ ಅದೇ ವರ್ಷದಿಂದ. ಪೆಟ್ರೋಲಿನ ರೇಸಿನಲ್ಲಿ ನೂರು ವರ್ಷ ಹಿಂದೆ ಬಿದ್ದಿದ್ದ ನಾವು ಕರೆಂಟಿನ ರೇಸಿನಲ್ಲಿ ಮೊದಲ ದಿನದಿಂದಲೇ ಸಾಲಿನಲ್ಲಿ ನಿಂತೆವು. ಇದು ಮತ್ತೆ ಮತ್ತೆ ಸಿಗುವ ಅವಕಾಶವಲ್ಲ.

ಆದರೆ ಮಹೀಂದ್ರ ರೇಸಿಂಗ್‌ನ ಕಾರ್ಯಾಗಾರ ಇರುವುದು ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ. ರೇಸಿನ ಕಸುಬುದಾರರು, ಬಿಡಿಭಾಗ ಮಾಡುವ ಸಣ್ಣ ಕಾರ್ಯಾಗಾರಗಳು ತಲೆಮಾರುಗಳಿಂದ ಅಲ್ಲಿ ನೆಲೆ ನಿಂತಿರುವುದರಿಂದ ಅದು ಸಹಜ. ಆ ಕಸುಬು ನಮ್ಮಲ್ಲೂ ಬೇರೂರಬೇಕು. ಅದರ ಮೊಳಕೆಗಳು ಕಾಣುತ್ತಿವೆ. ಮಣಿಪಾಲದ ವಿದ್ಯಾರ್ಥಿಗಳು ‘ಸೋಲಾರ್‌ಮೊಬಿಲ್’ ತಂಡ ಕಟ್ಟಿ ಸೌರ ಕಾರು ಮಾಡುತ್ತಾರೆ, ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ’ ತಂಡ ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಗೆ ಕಾರು ಕಟ್ಟುತ್ತದೆ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಯೇ ನಡೆದಿದೆ.

ಸೊರಬ, ಶಿಕಾರಿಪುರದ ಹೈಸ್ಕೂಲುಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ಮೋಟಾರು ಬಿಚ್ಚಿ ನೋಡುವ ಚಟ ಇರುವವರು ಬೇಕಾದಷ್ಟು ಮಂದಿ ಇದ್ದಾರೆ. ರೇಸು ಎಂದರೆ ದುಡ್ಡಿದ್ದವರ ಆಟವೆಂದು ಅವರು ಕೈಚೆಲ್ಲಬಾರದು. ಓಡಿಸುವವನು ಒಬ್ಬ, ಅವನ ಹಿಂದೆ ವೆಲ್ಡಿಂಗ್ ಮಾಡುವವರು, ವೈರಿಂಗ್ ಮಾಡುವವರು, ಬ್ಯಾಟರಿಯ ಬಿಸಿ ಅಳೆಯುವವರು, ಲೆಕ್ಕ ಬರೆಯುವವರು ಹತ್ತಾರು ಜನ. ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಯಾವುದನ್ನೇ ಓದಿದರೂ ಅಲ್ಲಿ ಕೆಲಸವಿದೆ. ಕಾಲೇಜಿಗೆ ಸೇರಿದ ಮೊದಲ ವರ್ಷವೇ ಅಲ್ಲಿನ ಕಾರು ಕಟ್ಟುವ ತಂಡ ಯಾವುದೆಂದು ಕೇಳಿ ಸೇರಿಕೊಳ್ಳಲಿ. ತಂಡವಿಲ್ಲದಿದ್ದರೆ ನಾಲ್ಕು ಜನ ಕೂಡಿ ಕಟ್ಟಲಿ. 1990ರಲ್ಲಿ ಚೇತನ್ ಮೈನಿ ಮಾಡಿದ್ದೂ ಅಷ್ಟೇ: ಓದುವಾಗ ಗೆಳೆಯರ ಜೊತೆ ಸೇರಿ ಒಂದು ಕಾರು ಕಟ್ಟಿದರು.