ಬರಗಾಲದಲ್ಲಿ ಟೀಸಿ ಕೇಳುವ ಮುನ್ನ

ತಾಳವಾಡಿ ಸೀಮೆಯ ಪೋಷಕರೇ, 2017ರ ಜನವರಿ ನಿಮಗೆ ನೆನಪಿರಬಹುದು. ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿತ್ತು. ತಮಿಳುನಾಡಿನಲ್ಲಿ ವಾಡಿಕೆಗಿಂತ ಶೇ 62ರಷ್ಟು ಕಡಿಮೆ ಮಳೆಯಾಗಿ, ಜನವರಿ 10ರಂದು ಸರ್ಕಾರ ಇಡೀ ರಾಜ್ಯವನ್ನೇ ಬರಪೀಡಿತವೆಂದು ಘೋಷಿಸಿತು. ನಮ್ಮಲ್ಲಿ ರಾಗಿ ಹೊಲದಲ್ಲೇ ಒಣಗಿತ್ತು. ಬೋರ್‌ವೆಲ್ ನಂಬಿ ಅರಿಶಿನ, ಬಾಳೆ ಇಟ್ಟವರಿಗೆ ಬೆಳೆ ಹೋಗಿ ಸಾಲ ಉಳಿದಿತ್ತು. ಮರಳುಗಾಡನ್ನು ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದ ಮಕ್ಕಳು ಕೆರೆಯಂಗಳದ ಬಿರುಕಿಗೆ ಕೈ ಇಳಿಸಿ ಆಳ ನೋಡುತ್ತಿದ್ದರು.

ಆಗ ನಾನು ಕನ್ನಡ ಮಾಧ್ಯಮ ಶಾಲೆಯೊಂದರ ಮುಖ್ಯೋಪಾಧ್ಯಾಯ. ಬರ ನನಗೆ ಮೊದಲು ಕಂಡದ್ದು ಹಾಜರಿ ಪುಸ್ತಕದಲ್ಲಿ. ಒಂದೊಂದೇ ಕುಟುಂಬ ದಿಂಬಂ ಘಾಟಿಯ 27 ತಿರುವು ಇಳಿದು ತಿರುಪ್ಪೂರಿನ ಬನಿಯನ್ ಕಂಪನಿಗಳ ಕಡೆ ಹೊರಟಿತ್ತು.

ಫೆಬ್ರವರಿಯಲ್ಲಿ ಒಬ್ಬ ತಂದೆ ಬಂದರು. "ಸಾ, ಮಗಳ ಟೀಸಿ ಕೊಟ್ಬುಡಿ" ಎಂದರು. ಹುಡುಗಿ ಏಳನೇ ತರಗತಿ. "ಪರೀಕ್ಷೆಗೆ ಇನ್ನೆರಡು ತಿಂಗಳು, ತಡೆಯೋಕಾಗಲ್ವೇನಪ್ಪಾ?" ಎಂದು ಗದರಿದೆ. "ಎರಡು ತಿಂಗಳು ಏನ್ ತಿನ್ನೋದು ಸಾ?" ಎಂದರು. ತಿಂಗಳಿಗೊಮ್ಮೆ ಸಂಬಳ ಎಣಿಸುತ್ತಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನು ಕೂರಿಸಿ, ನೀರು ಕೊಟ್ಟು, ಮನೆಯ ಲೆಕ್ಕ ಕೇಳಿದೆ. ಅದನ್ನು ಮೊದಲೇ ಕೇಳಬೇಕಿತ್ತು.

ಲೆಕ್ಕ ಹಾಕಿದಾಗ ಒಂದು ದಾರಿ ಕಂಡಿತು. ತಂದೆ ಒಬ್ಬರೇ ತಿರುಪ್ಪೂರಿಗೆ ಹೋದರು. ಬರದ ಪ್ರದೇಶಕ್ಕೆ ನೂರು ದಿನದ ಕೆಲಸದ ಮೇಲೆ ಇನ್ನೂ 50 ದಿನ ಸಿಗುವ ಅವಕಾಶವಿತ್ತು. ತಾಯಿ ಆ ಕೆಲಸ ಹಿಡಿದರು. ಮಧ್ಯಾಹ್ನ ಹುಡುಗಿಯ ಊಟ ಶಾಲೆಯಲ್ಲಿ. ಬೇಸಿಗೆ ರಜೆಯಲ್ಲಿ ಆ ಊಟವೂ ಇರಲಿಲ್ಲ. ಆಗ ಪಕ್ಕದ ಮನೆಯ ಅಜ್ಜಿ ತನ್ನ ಮುದ್ದೆಯಲ್ಲಿ ಪಾಲು ಕೊಟ್ಟರು. ಜೂನ್‌ನಲ್ಲಿ ಹುಡುಗಿ ಎಂಟನೇ ತರಗತಿಯಲ್ಲಿ ಕುಳಿತಳು.

ಎಲ್ಲರಿಗೂ ಹೀಗೆ ಸಾಧ್ಯವಾಗಲಿಲ್ಲ. ಮಗನನ್ನು ಜೊತೆಗೆ ಕರೆದೊಯ್ದ ಇನ್ನೊಂದು ಕುಟುಂಬ ಎರಡು ವರ್ಷ ಬಿಟ್ಟು ಮರಳಿತು. ಅಲ್ಲಿ ಅವನು ಓದಿದ್ದು ತಮಿಳು ಮಾಧ್ಯಮ. ಮನೆಯಲ್ಲಿ ಕನ್ನಡ ಮಾತು ಸರಾಗವಾಗಿಯೇ ಇತ್ತು, ಆದರೆ ವಿಜ್ಞಾನದಲ್ಲಿ 'ಒಳಿಚ್ಚೇರ್ಕೈ' ಎಂದು ಕಲಿತವನಿಗೆ 'ದ್ಯುತಿಸಂಶ್ಲೇಷಣೆ' ಹೊಸ ಪದ. ನಾನೂ ಎರಡೂ ಭಾಷೆಯಲ್ಲಿ ಓದಿದವನು. ತಮಿಳು ಕಲಿತದ್ದು ನಷ್ಟವಲ್ಲ. ಅವನಿಗೆ ನಷ್ಟವಾದದ್ದು ನಡುವೆ ಕಡಿದ ಕನ್ನಡ ಓದು. ಅದನ್ನು ಜೋಡಿಸಲು ಅವನಿಗೂ ನಮ್ಮ ಶಿಕ್ಷಕರಿಗೂ ಒಂದು ವರ್ಷ ಹಿಡಿಯಿತು.

ಆದ್ದರಿಂದ ನಿಮಗೆ ನಾಲ್ಕು ಮಾತು. ಊರು ಬಿಡುವ ಯೋಚನೆ ಬಂದಾಗಲೇ ಶಿಕ್ಷಕರಿಗೆ ತಿಳಿಸಿ; ಬಸ್ಸು ಹತ್ತುವ ದಿನ ಬಂದರೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೋಗಲೇಬೇಕಾದರೆ ಅಂಜಬೇಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೇ ತರಗತಿಯವರೆಗೆ ಟೀಸಿಯನ್ನು ಕೂಡಲೇ ಕೊಡಬೇಕು, ಟೀಸಿ ತಡವಾಯಿತೆಂದು ಹೊಸ ಸರ್ಕಾರಿ ಶಾಲೆ ಮಗುವನ್ನು ಸೇರಿಸದೆ ಇರುವಂತಿಲ್ಲ. ಬಟ್ಟೆ ಗಂಟಿನ ಜೊತೆ ಕನ್ನಡ ಪುಸ್ತಕಗಳನ್ನೂ ಕಟ್ಟಿಕೊಳ್ಳಿ. ರಾತ್ರಿ ಎರಡು ಪುಟವನ್ನು ಮಗು ಗಟ್ಟಿಯಾಗಿ ಓದಲಿ. ನಿಮಗೆ ಓದು ಬಾರದಿದ್ದರೂ ಕೂತು ಕೇಳಿ, ಅದು ಎಲ್ಲಿ ತಡವರಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಆ ವರ್ಷ ನಾವು ಉಳಿದದ್ದು ಹಲವರ ಋಣದಲ್ಲಿ. ದೂರದಿಂದ ನೀರು ಹೊತ್ತು ತಂದು ಒಂದು ದಿನವೂ ಒಲೆ ಆರದಂತೆ ನೋಡಿಕೊಂಡ ಸತ್ತುಣವಿನ ಅಡುಗೆಯಮ್ಮನಿಗೆ ನಾನು ಸರಿಯಾಗಿ ಕೃತಜ್ಞತೆ ಹೇಳಲೇ ಇಲ್ಲ. ನಿಮ್ಮ ಮಗುವಿನ ಶಾಲೆಯಲ್ಲೂ ಅಂಥವರೊಬ್ಬರು ಇದ್ದಾರು. ನಾಳೆ ಶಾಲೆ ಕಡೆ ಹೋದಾಗ ಅವರನ್ನು ಮಾತಾಡಿಸಿ ಬನ್ನಿ.